ಮೂಲೆಗೆ ಒರಗಿಸಿಟ್ಟ ಕಾಲು

ಹಾವೇರಿ ಜಿಲ್ಲೆಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: ‘ಸಕ್ಕರೆ ಕಾಯಿಲೆ. ಪಾದದ ಹುಣ್ಣು ಮಾಯಲಿಲ್ಲ. ನಮ್ಮ ಯಜಮಾನರ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಒಂದು ಶಿಬಿರದಲ್ಲಿ ಕೃತಕ ಕಾಲು ಸಿಕ್ಕಿತು. ಮೊದಮೊದಲು ಹಾಕಿಕೊಂಡರು, ಈಗ ಮೂಲೆಗಿಟ್ಟಿದ್ದಾರೆ. ಸಡಿಲ ಅಂತಾರೆ, ಚುಚ್ಚುತ್ತೆ ಅಂತಾರೆ. ಇಲ್ಲದ ಹೆಬ್ಬೆರಳು ಉರಿಯುತ್ತೆ ಅಂತಾರೆ. ನೆಂಟರು ಕೃತಕ ಕಾಲಿನಲ್ಲೇ ಕುಣಿದ ಸುಧಾ ಚಂದ್ರನ್ ನೃತ್ಯದ ವಿಡಿಯೊ ತೋರಿಸಿ ಧೈರ್ಯ ಹೇಳಿದರು. ಅವತ್ತಿನಿಂದ ಮಾತೂ ಕಮ್ಮಿಯಾಗಿದೆ. ಗದರಿಸಿ ಹಾಕಿಸಬೇಕಾ?’

ಅಮ್ಮಾ, ದಯವಿಟ್ಟು ಗದರಿಸಬೇಡಿ. ನಿಮ್ಮ ಯಜಮಾನರು ಹಟ ಮಾಡುತ್ತಿಲ್ಲ. ಸಡಿಲ ಎಂದು ಅವರು ಹೇಳಿದರೆ ಅದು ಸಡಿಲವೇ ಇರಬೇಕು.

ಆಪರೇಷನ್ ಆದ ಮೇಲೆ ಉಳಿದ ಮೊಂಡುಗಾಲು ಬಾತುಕೊಂಡಿರುತ್ತದೆ. ನಿಧಾನಕ್ಕೆ ಬಾವು ಇಳಿಯುತ್ತದೆ, ಮಾಂಸಖಂಡ ಸಣ್ಣಗಾಗುತ್ತದೆ. ಒಂದು ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿ ಕಾಲ ಅದರ ಆಕಾರ ಬದಲಾಗುತ್ತಲೇ ಇರುತ್ತದೆ. ಮೊಂಡುಗಾಲು ಕೂರುವ ಸಾಕೆಟ್ ಮಾತ್ರ ಮೊದಲ ಅಳತೆಯಲ್ಲೇ ನಿಂತಿರುತ್ತದೆ. ಆಗ ಕಾಲು ಒಳಗೆ ಜಾರುತ್ತದೆ, ಮೂಳೆಯ ತುದಿ ತಳಕ್ಕೆ ಒತ್ತುತ್ತದೆ, ಚರ್ಮ ಉಜ್ಜಿ ಕೆಂಪಾಗುತ್ತದೆ. ಇದಕ್ಕೆಂದೇ ಮೊಂಡುಗಾಲಿಗೆ ಹಾಕುವ, ಕಾಲುಚೀಲದಂಥ ಚೀಲಗಳಿವೆ. ಬೆಳಿಗ್ಗೆ ಒಂದು ಹಾಕಿದವರು ಸಂಜೆ ಸಡಿಲವಾದರೆ ಮೇಲೊಂದು ಹಾಕಿಕೊಳ್ಳುತ್ತಾರೆ. ಚೀಲದ ಮೇಲೆ ಚೀಲ ಹಾಕಿದರೂ ಅಲುಗಾಡಿದರೆ ಸಾಕೆಟ್ಟನ್ನೇ ಹೊಸದಾಗಿ ಮಾಡಿಸಬೇಕು. ಶಿಬಿರದಲ್ಲಿ ಇದನ್ನು ನಿಮಗೆ ಯಾರಾದರೂ ಹೇಳಿದರಾ? ನಿಮ್ಮ ಪತ್ರ ನೋಡಿದರೆ ಹೇಳಿದಂತೆ ಕಾಣುವುದಿಲ್ಲ. ಪುಕ್ಕಟೆ ಕಾಲು ಕೊಡುವುದು ದೊಡ್ಡ ಕೆಲಸವೇ. ಆದರೆ ಕಾಲು ಕೊಟ್ಟು, ಫೋಟೊ ತೆಗೆಸಿಕೊಂಡು, ಗಾಡಿ ಹತ್ತಿ ಹೊರಟುಬಿಟ್ಟರೆ ಕೆಲಸ ಅರ್ಧಕ್ಕೇ ನಿಂತಂತೆ. ಈ ಮಾತನ್ನು ನಾನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ಕೊಟ್ಟ ಕಾಲನ್ನು ಜನ ಮೂಲೆಗಿಡುವುದು ಹೊಸದೇನಲ್ಲ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಾಗಿದ್ದ ಡಾ. ಪಿ.ಕೆ. ಸೇಥಿ ಅವರೂ ಇದನ್ನು ಕಂಡಿದ್ದರು. ಹಳ್ಳಿಯವರು ಕೃತಕ ಕಾಲು ಬಿಟ್ಟು ಮತ್ತೆ ಊರುಗೋಲು ಹಿಡಿಯುತ್ತಿದ್ದರು. ಕಾರಣ ಸರಳ. ಆ ಕಾಲು ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗೆಂದು ಮಾಡಿದ್ದು. ನಮ್ಮವರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಬೇಕು. ಸೇಥಿಯವರು ರೋಗಿಗಳನ್ನು ಬೈಯಲಿಲ್ಲ, ಕಾಲನ್ನೇ ಬದಲಾಯಿಸಿದರು. ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರ ಜೊತೆ ಸೇರಿ 1968ರ ಹೊತ್ತಿಗೆ ರಬ್ಬರಿನ ಪಾದ ರೂಪಿಸಿದರು. ಅದೇ ಜೈಪುರ ಕಾಲು. 1981ರಲ್ಲಿ ಸೇಥಿಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಸುಧಾ ಚಂದ್ರನ್ ಕುಣಿದದ್ದೂ ಇದೇ ಕಾಲಿನಲ್ಲಿ. ಅವರ ಸಾಧನೆಗೆ ನನ್ನ ಪೂರ್ತಿ ಗೌರವವಿದೆ. ಆದರೆ ಅವರು ಕಾಲು ಕಳೆದುಕೊಂಡದ್ದು 1981ರಲ್ಲಿ, ಮತ್ತೆ ವೇದಿಕೆ ಹತ್ತಿದ್ದು 1984ರಲ್ಲಿ. ಆ ನಡುವಿನ ನೋವು ಮತ್ತು ಅಭ್ಯಾಸ ವಿಡಿಯೊದಲ್ಲಿ ಕಾಣುವುದಿಲ್ಲ ಅಲ್ವಾ? ಬಚ್ಚಲಿಗೆ ಹೋಗುವುದೇ ಕಷ್ಟವಾಗಿರುವ ಮನುಷ್ಯನಿಗೆ ಅದನ್ನು ತೋರಿಸಿದರೆ ಧೈರ್ಯಕ್ಕಿಂತ ನಾಚಿಕೆಯೇ ಜಾಸ್ತಿ ಆಗುತ್ತದೆ. ನೆಂಟರಿಗೆ ಹೇಳಿ, ಸುಮ್ನೆ ಬಂದು ಜೊತೆಗೆ ಕೂತು ಕಾಫಿ ಕುಡಿದು ಹೋದರೆ ಸಾಕು.

ಇಲ್ಲದ ಹೆಬ್ಬೆರಳಿನ ಉರಿ ಭ್ರಮೆಯಲ್ಲ, ನಿಜವಾದ ನೋವು. ಕಾಲು ಹೋದರೂ ಮಿದುಳಿನಲ್ಲಿ ಆ ಕಾಲಿನ ಜಾಗ ಹಾಗೇ ಇರುತ್ತದೆ. ನರದ ನೋವಿಗೆಂದೇ ಬೇರೆ ಮಾತ್ರೆಗಳಿವೆ, ಡಾಕ್ಟರನ್ನು ಕೇಳಿ. ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ತೋರಿಸಿಕೊಟ್ಟ ಕನ್ನಡಿ ಚಿಕಿತ್ಸೆಯೂ ಇದೆ. ಎರಡು ಕಾಲಿನ ನಡುವೆ ಉದ್ದ ಕನ್ನಡಿ ಇಟ್ಟು, ಅದರಲ್ಲಿ ಕಾಣುವ ಬಲಗಾಲಿನ ಬಿಂಬವನ್ನೇ ನೋಡುತ್ತಾ ಬೆರಳುಗಳನ್ನು ನಿಧಾನಕ್ಕೆ ಆಡಿಸಬೇಕು. ಎಲ್ಲರಿಗೂ ಗುಣ ಕಾಣುವುದಿಲ್ಲ. ಕೆಲವರಿಗೆ ಉರಿ ಕಮ್ಮಿಯಾಗುತ್ತದೆ. ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಶುರುಮಾಡಿ.

ಮನೆಯಲ್ಲಿ ನೀವು ಗಮನಿಸಬೇಕಾದದ್ದೂ ಇದೆ. ಆರಾಮ ಎಂದು ಮಂಡಿಯ ಕೆಳಗೆ ದಿಂಬು ಇಡಬೇಡಿ. ಮಂಡಿ ಮಡಚಿದಂತೆಯೇ ಸೆಟೆದುಕೊಂಡರೆ ಯಾವ ಕೃತಕ ಕಾಲೂ ಸರಿಯಾಗಿ ಕೂರುವುದಿಲ್ಲ. ರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದಾಗ ಕಾಲಿಲ್ಲ ಎಂಬುದೇ ಮರೆತು ಬೀಳುವವರಿದ್ದಾರೆ. ಆದ್ದರಿಂದ ವಾಕರ್ ಮಂಚಕ್ಕೆ ತಾಗಿಕೊಂಡೇ ಇರಲಿ. ಮಲಗುವ ಮುಂಚೆ ಮೊಂಡುಗಾಲನ್ನು ಸೋಪು ಹಾಕಿ ತೊಳೆದು ಒಣಗಿಸಿ, ಕನ್ನಡಿ ಹಿಡಿದು ಸುತ್ತಲೂ ನೋಡಿ. ಸಕ್ಕರೆ ಕಾಯಿಲೆಯವರಿಗೆ ಗಾಯವಾದರೂ ತಿಳಿಯದೇ ಹೋಗಬಹುದು. ಚರ್ಮ ಕಿತ್ತಿದ್ದರೆ ಅದು ಮಾಯುವ ತನಕ ಕೃತಕ ಕಾಲು ಹಾಕಲೇಬೇಡಿ, ಡಾಕ್ಟರಿಗೆ ತೋರಿಸಿ. ಬಲಪಾದವನ್ನೂ ದಿನಾ ನೋಡಿ. ಈಗ ಭಾರವೆಲ್ಲ ಅದರ ಮೇಲೇ ಬೀಳುತ್ತಿದೆ, ಅದನ್ನು ಕಾಪಾಡಿಕೊಳ್ಳಲೇಬೇಕು.

ಇನ್ನು ಹೋಗುವುದೆಲ್ಲಿಗೆ? ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಆಗಿಲ್ಲದಿದ್ದರೆ ಅದಕ್ಕೂ ಅವರನ್ನೇ ಕೇಳಿ. ಕಾಲು ಕೊಟ್ಟ ಸಂಸ್ಥೆಗೂ ಫೋನ್ ಮಾಡಿ, ಸಾಕೆಟ್ ಸರಿಮಾಡಿಕೊಡಿ ಎಂದು ಕೇಳಿ. ಪುಕ್ಕಟೆ ಕೊಟ್ಟಿದ್ದಾರೆ, ಮತ್ತೆ ಹೇಗೆ ಕೇಳೋದು ಎಂಬ ಸಂಕೋಚ ಬೇಡ. ಬೆಂಗಳೂರಿಗೆ ಬರಲು ಸಾಧ್ಯವಾದರೆ ಮೊಬಿಲಿಟಿ ಇಂಡಿಯಾ ಎಂಬ ಸಂಸ್ಥೆಯಿದೆ, ಅಲ್ಲಿ ಕೃತಕ ಕಾಲು ಕೂರಿಸುವ ತರಬೇತಿ ಪಡೆದವರು ಇದ್ದಾರೆ.

ಹೋಗುವಾಗ ಎಲ್ಲೆಲ್ಲಿ ಒತ್ತುತ್ತದೆ ಎಂದು ಯಜಮಾನರೇ ಬಾಯಿಬಿಟ್ಟು ಹೇಳಲಿ, ಅವರ ಪರವಾಗಿ ನೀವು ಮಾತಾಡಬೇಡಿ. ದಿನಾ ಹಾಕುವ ಚಪ್ಪಲಿಯನ್ನೂ ಒಯ್ಯಿರಿ. ಹಿಮ್ಮಡಿಯ ಎತ್ತರ ಸ್ವಲ್ಪ ಬದಲಾದರೂ ಕಾಲಿನ ಸಮತೋಲ ತಪ್ಪುತ್ತದೆ. ಆ ಚಪ್ಪಲಿ ಹಾಕಿಸಿಯೇ ಅಲ್ಲಿನವರು ಕಾಲನ್ನು ಹೊಂದಿಸಬೇಕು.