ತ್ಯಾಜ್ಯದ ಬಯೋಚಾರ್‌ನಿಂದ ಮತ್ತೆ ಮತ್ತೆ ಬಳಸಬಹುದಾದ ಕ್ಯಾಟಲಿಸ್ಟ್ ಮಾಡೋದು ಹೇಗೆ?

ಹೊಟ್ಟು, ಮರದ ಪುಡಿಯಂಥ ಒಣ ತ್ಯಾಜ್ಯವನ್ನು ಗಾಳಿಯಾಡದ ಕುಲುಮೆಯಲ್ಲಿ ಸುಮಾರು 400–600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಬಯೋಚಾರ್ ಎಂಬ ಇದ್ದಿಲು ಸಿಗುತ್ತದೆ. ಸುಮ್ನೆ ಹಾಗೇ ಹಾಕಿದರೆ ಅದು ಕ್ಯಾಟಲಿಸ್ಟ್ ಆಗಿ, ಅಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಾಗಿ, ಜಾಸ್ತಿ ಕೆಲಸ ಮಾಡುವುದಿಲ್ಲ.

ಅದನ್ನು ಗಾಢ ಸಲ್ಫ್ಯೂರಿಕ್ ಆಮ್ಲದಲ್ಲಿ ಬಿಸಿ ಮಾಡಿದರೆ ಇಂಗಾಲದ ಮೈಗೆ ಸಲ್ಫೋನಿಕ್ ಗುಂಪುಗಳು (ಆಮ್ಲದಂತೆ ಕೆಲಸ ಮಾಡುವ ಪರಮಾಣು ಗುಂಪುಗಳು) ಕೂರುತ್ತವೆ. ಆಮೇಲೆ ತೊಳೆದ ನೀರಿನಲ್ಲಿ ಆಮ್ಲ ಕಾಣದಷ್ಟು ಚೆನ್ನಾಗಿ ತೊಳೆಯಬೇಕು. ಬಳಸಿದ ಎಣ್ಣೆಯ ಕೊಬ್ಬಿನಾಮ್ಲಗಳಿಂದ ಬಯೋಡೀಸೆಲ್ ಮಾಡಲು ಇದು ಒಳ್ಳೆಯ ಘನ ಆಮ್ಲ. ಆದರೆ ಆ ತೊಳೆದ ನೀರನ್ನು ಹಾಗೇ ಚರಂಡಿಗೆ ಬಿಟ್ಟರೆ ಅದನ್ನು ಹಸಿರು ರಸಾಯನಶಾಸ್ತ್ರ ಅನ್ನೋಕಾಗಲ್ಲ, ಅಲ್ವಾ?

ಇನ್ನೊಂದು ದಾರಿ ನನಗೆ ತುಂಬ ಇಷ್ಟ. ಕಾಯಿಸುವ ಮೊದಲೇ ತ್ಯಾಜ್ಯವನ್ನು ಕಬ್ಬಿಣದ ಲವಣದ ದ್ರಾವಣದಲ್ಲಿ ನೆನೆಸಿಟ್ಟರೆ, ಇದ್ದಿಲಿನೊಳಗೆ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಕಣಗಳು ಮೂಡುತ್ತವೆ. ಕ್ರಿಯೆ ಮುಗಿದ ಮೇಲೆ ಫ್ಲಾಸ್ಕಿನ ಹೊರಗೆ ಅಯಸ್ಕಾಂತ ಹಿಡಿಯಿರಿ. ಕರಿ ಪುಡಿ ಒಂದು ಬದಿಗೆ ಬಂದು ಅಂಟುತ್ತದೆ, ದ್ರವವನ್ನು ಆರಾಮಾಗಿ ಬಗ್ಗಿಸಿಕೊಳ್ಳಬಹುದು. ಪುಡಿಯನ್ನು ಎಥನಾಲ್‌ನಲ್ಲಿ ತೊಳೆದು, ಒಣಗಿಸಿ ಮತ್ತೆ ಬಳಸಿ.

ಬಳಸುತ್ತಾ ಹೋದಂತೆ ಶಕ್ತಿ ಕುಗ್ಗುತ್ತದೆ. ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಇಲ್ಲವೇ ಸಕ್ರಿಯ ಗುಂಪುಗಳು ದ್ರವಕ್ಕೆ ಸೋರಿ ಹೋಗುತ್ತವೆ. ಸೋರಿಕೆ ತಿಳಿಯಲು ಅರ್ಧದಲ್ಲೇ, ಬಿಸಿ ಇರುವಾಗಲೇ ಪುಡಿಯನ್ನು ಸೋಸಿ ತೆಗೆಯಿರಿ. ಬರೀ ದ್ರವದಲ್ಲೂ ಕ್ರಿಯೆ ಮೊದಲಿನಂತೆಯೇ ಸಾಗಿದರೆ, ಕೆಲಸ ಮಾಡುತ್ತಿದ್ದದ್ದು ಸೋರಿದ ಅಂಶವೇ.