ಬಿಪಿ ಮಾತ್ರೆ ನುಂಗುವವರು ನಿಮಿರುವಿಕೆ ಸಮಸ್ಯೆಗೆ ಸಿಲ್ಡೆನಾಫಿಲ್ ತೆಗೆದುಕೊಳ್ಳಬಹುದೇ?

ಬಿಪಿ ಹತೋಟಿಯಲ್ಲಿದ್ದರೆ ಹೆಚ್ಚಿನವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ಆದರೆ ಎದೆನೋವಿಗೆ ನೈಟ್ರೇಟ್ ಬಳಸುವವರು, ಅಂದರೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್ ಅಥವಾ ನೈಟ್ರೋಗ್ಲಿಸರಿನ್ ಬಳಸುವವರು, ಖಂಡಿತ ತೆಗೆದುಕೊಳ್ಳಬಾರದು.

ಕಾರಣ ಇಷ್ಟೇ. ರಕ್ತನಾಳ ಸಡಿಲಗೊಳ್ಳಲು ಸಿಜಿಎಂಪಿ ಎಂಬ ರಾಸಾಯನಿಕ ಬೇಕು. ನೈಟ್ರೇಟ್ ಅದರ ಉತ್ಪಾದನೆ ಹೆಚ್ಚಿಸುತ್ತದೆ, ಸಿಲ್ಡೆನಾಫಿಲ್ ಅದು ಕರಗದಂತೆ ತಡೆಯುತ್ತದೆ. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಕ್ಕೆ ಕುತ್ತಾಗುವಷ್ಟು ಕುಸಿಯಬಹುದು. ಸಿಲ್ಡೆನಾಫಿಲ್ ನುಂಗಿದ 24 ಗಂಟೆ, ಅದೇ ಬಗೆಯ ಇನ್ನೊಂದು ಮಾತ್ರೆ ಟಡಾಲಾಫಿಲ್ ಆದರೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಎದೆನೋವು ಬಂದು ಆಸ್ಪತ್ರೆಗೆ ಹೋದರೆ ಮಾತ್ರೆ ನುಂಗಿದ್ದನ್ನು ನಾಚಿಕೆಪಡದೆ ಮೊದಲೇ ಹೇಳಿ. ಮುಚ್ಚಿಟ್ಟರೆ ಜೀವಕ್ಕೇ ಅಪಾಯ.

ಸಿಲ್ಡೆನಾಫಿಲ್‌ನ ಸಾಮಾನ್ಯ ಆರಂಭದ ಪ್ರಮಾಣ 50 ಮಿ.ಗ್ರಾಂ, ಸಂಭೋಗಕ್ಕೆ ಸುಮಾರು ಒಂದು ಗಂಟೆ ಮುಂಚೆ, ದಿನಕ್ಕೆ ಒಂದೇ ಸಲ. 65 ದಾಟಿದವರಿಗೆ, ಪ್ರಾಸ್ಟೇಟ್ ಅಥವಾ ಬಿಪಿಗೆ ಟ್ಯಾಮ್ಸುಲೋಸಿನ್, ಪ್ರಾಜೋಸಿನ್‌ನಂಥ ಆಲ್ಫಾ ಬ್ಲಾಕರ್ ನುಂಗುವವರಿಗೆ 25ರಿಂದ ಶುರು. ಇಲ್ಲವಾದರೆ ಎದ್ದು ನಿಂತಾಗ ತಲೆಸುತ್ತಿ ಬೀಳಬಹುದು. ಜಿಡ್ಡಿನ ಊಟದ ಮೇಲೆ ನುಂಗಿದರೆ ಪರಿಣಾಮ ತಡವಾಗುತ್ತದೆ. ಲೈಂಗಿಕ ಪ್ರಚೋದನೆ ಇಲ್ಲದೆ ಮಾತ್ರೆಯೊಂದೇ ಕೆಲಸ ಮಾಡದು. ಒತ್ತಡ 170/110ಕ್ಕಿಂತ ಮೇಲಿದ್ದರೆ ಮೊದಲು ಅದನ್ನು ಇಳಿಸಬೇಕು.

ಕೆಲವೊಮ್ಮೆ ಬಿಪಿ ಮಾತ್ರೆಯೇ ನಿಮಿರುವಿಕೆ ತೊಂದರೆಗೆ ಕಾರಣ: ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್, ಕ್ಲೋರ್ಥಾಲಿಡೋನ್‌ನಂಥ ಮೂತ್ರವರ್ಧಕ. ಅದನ್ನು ನೀವಾಗಿಯೇ ನಿಲ್ಲಿಸಬೇಡಿ, ಒತ್ತಡ ಹಠಾತ್ತನೆ ಏರೀತು. ಟೆಲ್ಮಿಸಾರ್ಟನ್, ಲೊಸಾರ್ಟನ್‌ಗಳಲ್ಲಿ ಈ ತೊಂದರೆ ಕಡಿಮೆ. ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಹೃದಯದ ತಪಾಸಣೆಯನ್ನೂ ಮಾಡಿಸಿ, ಏಕೆಂದರೆ ಶಿಶ್ನದ ಸಣ್ಣ ರಕ್ತನಾಳಗಳ ಹಾನಿ ಹಲವರಲ್ಲಿ ಹೃದ್ರೋಗಕ್ಕಿಂತ ವರ್ಷಗಳ ಮೊದಲೇ ಕಾಣಿಸಿಕೊಳ್ಳುತ್ತದೆ.