ನಾಲ್ಕು ಅಡಿಯ ಗೆರೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ವಯಸ್ಸು, ಮನೆ, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.)

ಏಪ್ರಿಲ್ ಕೊನೆಯ ವಾರ. ಕಲಬುರಗಿಯಲ್ಲಿ ಅಷ್ಟೊತ್ತಿಗೆ ಮಧ್ಯಾಹ್ನದ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಹನ್ನೆರಡು ದಾಟಿದರೆ ನನ್ನ ಕೋಣೆಯತ್ತ ಯಾರೂ ಸುಳಿಯುವುದಿಲ್ಲ. ಅವಳು ಬಂದದ್ದು ಎರಡೂವರೆಗೆ. ಮುಖಕ್ಕೆ ಸುತ್ತಿದ್ದ ದುಪಟ್ಟಾ ಬಿಚ್ಚಿದಾಗ ಹಣೆಯ ಬಣ್ಣ ಎರಡಾಗಿ ಕಂಡಿತು: ಟೋಪಿಯ ಅಂಚಿನ ಮೇಲೆ ಒಂದು, ಕೆಳಗೆ ಒಂದು. ಇಪ್ಪತ್ತಮೂರು ವರ್ಷ, ಬಿ.ಎ. ಮುಗಿಸಿದ್ದಾಳೆ, ಊರ ಹೊರಗಿನ ಮನರಂಜನಾ ಪಾರ್ಕಿನಲ್ಲಿ ಒಂದು ವರ್ಷದಿಂದ ಕೆಲಸ.

"ನಕ್ಕು ನಕ್ಕು ಗಲ್ಲ ನೋಯ್ತಾವ್ರಿ ಮೇಡಂ. ಮನಿಗಿ ಹೋದ್ರ ತಮ್ಮನ ಕೂಡ ಮಾತಾಡ್ಲಾಕೂ ಬ್ಯಾಸರ. ಊರ ಮಂದಿಗೆಲ್ಲ ನಗ್ತಿ, ನಮ್ಮ ಮುಂದ ಮಾರಿ ಗಂಟ ಹಾಕ್ಕೊಂಡ ಕೂಡ್ತಿ ಅಂತಾಳ ಅವ್ವ."

ಅವಳ ಜಾಗ ಕೊಲಂಬಸ್ ಗೇಟು, ಅಂದರೆ ಆ ದೋಣಿಯ ಜೋಕಾಲಿ. ಕೈಯಲ್ಲಿ ಒಂದು ಕೋಲು, ಅದರ ಮೇಲೆ ನಾಲ್ಕು ಅಡಿಗೆ ಕೆಂಪು ಗೆರೆ, 122 ಸೆಂಟಿಮೀಟರು. ತಲೆ ಗೆರೆ ಮುಟ್ಟದ ಮಗುವನ್ನು ಒಳಗೆ ಬಿಡುವಂತಿಲ್ಲ. ತೊಡೆಯ ಮೇಲೆ ಕೂರುವ ಕಬ್ಬಿಣದ ಸರಳು ದೊಡ್ಡ ಮೈಗೆ ಮಾಡಿದ್ದು, ಸಣ್ಣ ಮಗು ಅದರ ಕೆಳಗಿಂದ ಜಾರಬಹುದು. ಹಾಗಾಗಿ ಮಂದಿಯನ್ನು ಖುಷಿಪಡಿಸುವ ಜಾಗದಲ್ಲಿ ನಿಂತು ಇಡೀ ದಿನ ಮಕ್ಕಳಿಗೆ ಇಲ್ಲ ಎನ್ನುವುದೇ ಇವಳ ಕೆಲಸ. "ಎರಡ ಬೆರಳಿಗಿ ಏನಾಗ್ತದ?" ಎಂದು ಜಗಳಕ್ಕೆ ನಿಲ್ಲುವವರು, ಮಗುವಿನ ಹಿಮ್ಮಡಿ ಎತ್ತಿಸುವವರು, ಬೂಟಿನೊಳಗೆ ಕರ್ಚೀಫ್ ಮಡಚಿ ಇಡುವವರು. ಎಲ್ಲರಿಗೂ ನಗುತ್ತಲೇ ಹೇಳಬೇಕು. ನಗು ಬಿಟ್ಟರೆ ಸೂಪರ್‌ವೈಸರ್ ಹಾಳೆಯಲ್ಲಿ ಗುರುತು ಹಾಕುತ್ತಾರೆ.

ಮೊದಲು ನಿದ್ದೆ, ಹಸಿವು, ಅಳು, ಬದುಕು ಸಾಕೆನ್ನುವ ಯೋಚನೆ ಎಲ್ಲ ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ. ಕಂಡಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು, 14416, ಬರೆದುಕೊಟ್ಟೆ. ಇದನ್ನು ಎಲ್ಲರಿಗೂ ಕೊಡುತ್ತೇನೆ.

ಆಮೇಲೆ ತಪ್ಪು ಮಾಡಿದೆ. ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆದುಕೊಂಡು ಬಾ ಎಂದೆ. ಮುಂದಿನ ವಾರ ತಂದಳು: "ಊಟ ಮಾಡಿದೆ. ಬಸ್ಸು ಸಿಕ್ಕಿತು. ಕರೆಂಟು ಹೋಗಲಿಲ್ಲ." ನಾನು ನಕ್ಕೆ, ಅವಳು ನಗಲಿಲ್ಲ. ಅಲ್ಲಿಯೂ ನಗಬೇಕು, ಇಲ್ಲಿಯೂ ಒಳ್ಳೆಯದನ್ನು ತೋರಿಸಬೇಕು ಎಂದರೆ ನಾನೂ ಹಾಳೆ ಹಿಡಿದ ಸೂಪರ್‌ವೈಸರೇ ಆದೆನಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಕೆಲಸ ನೋಡಿ ಇದಕ್ಕೆ ಹೆಸರಿಟ್ಟರು, ಭಾವನೆಯ ದುಡಿಮೆ ಎಂದು. ಮುಖದಲ್ಲಿ ಒಂದು, ಒಳಗೊಂದು ಇಟ್ಟುಕೊಂಡು ದಿನವಿಡೀ ನಿಂತವರು ಬೇಗ ಬಳಲುತ್ತಾರೆ ಎಂಬುದು ಆಮೇಲಿನ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಕಂಡಿದೆ. ನಮ್ಮ ಕಡೆ ಇಂಥವರಿಗೆ ದಾಸೋಹದ ಮಾತು ಹೇಳುವ ರೂಢಿ ಇದೆ, ಬಂದವರನ್ನು ಶರಣರೆಂದು ತಿಳಿ ಅಂತ. ಶರಣಬಸವೇಶ್ವರರ ಊರಿನಲ್ಲಿ ಕೂತು ನಾನು ಆ ಮಾತನ್ನು ಹಗುರ ಮಾಡಲಾರೆ. ಆದರೆ ಸಂಬಳಕ್ಕೆ ನಿಂತ ಹುಡುಗಿಯ ಕಾಲುನೋವಿನ ಮೇಲೆ ಅದನ್ನು ಹೊದಿಸುವುದು ನನಗೆ ಸರಿ ಕಾಣುವುದಿಲ್ಲ.

ಆದ್ದರಿಂದ ಮೊದಲ ಸಲಹೆ ಮೈಯದು. ಕಬ್ಬಿಣದ ಕಟ್ಟೆಯ ಮೇಲೆ ಎಂಟು ತಾಸು ನಿಂತವಳಿಗೆ ಖುಷಿ ಎಲ್ಲಿಂದ ಬರಬೇಕು? ಹಸಿರು ನೆರಳುಬಲೆ, ಕುಡಿಯುವ ನೀರು, ಒಂದು ಸ್ಟೂಲು, ಎರಡು ತಾಸಿಗೊಮ್ಮೆ ಜಾಗ ಬದಲಾವಣೆ, ಇಷ್ಟನ್ನು ಬರೆದು ಕೇಳು ಎಂದೆ, ಜೊತೆಗಿನವರ ಸಹಿ ಸೇರಿಸಿ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರು ಕೂರುವ ಹಕ್ಕನ್ನು ಕಾನೂನಿಗೇ ಸೇರಿಸಿವೆ, ಸ್ಟೂಲು ಕೇಳುವುದು ಸೊಕ್ಕಲ್ಲ ಎಂದೂ ಹೇಳಿದೆ. ಬಲೆ, ನೀರು, ಬದಲಾವಣೆ ಸಿಕ್ಕವು. ಸ್ಟೂಲು ಇನ್ನೂ ಬಂದಿಲ್ಲ.

ಎರಡನೆಯದು: ನಗುವುದನ್ನು ಕಡಿಮೆ ಮಾಡು, ನೋಡುವುದನ್ನು ಹೆಚ್ಚು ಮಾಡು. ಪಾಳಿಯಲ್ಲಿ ಒಬ್ಬರನ್ನು ಮಾತ್ರ ಸರಿಯಾಗಿ ನೋಡಿ, ಕಂಡದ್ದನ್ನು ಒಂದು ಪುಸ್ತಕದಲ್ಲಿ ಎರಡು ಸಾಲು ಬರಿ. ಒಳ್ಳೆಯವರೇ ಆಗಬೇಕೆಂದಿಲ್ಲ. ಮೊದಲು ಬರೆದದ್ದು, "ಕರಿ ಚಸ್ಮಾದವ. ಬೈದ." ಅವನ ಕೈಯಲ್ಲಿ ಏನಿತ್ತು ಎಂದು ಕೇಳಿದೆ. ತುಸು ಹೊತ್ತು ಸುಮ್ಮನಿದ್ದು, "ಮಗಳ ರಿಬ್ಬನ್ ರಿ. ಜಡಿ ಬಿಚ್ಚಿತ್ತು, ಹಾಕ್ಲಾಕ ಬರ್ಲಿಲ್ಲ ಅವಗ" ಅಂದಳು. ಅವನನ್ನು ಕ್ಷಮಿಸು ಅಂತ ನಾನು ಹೇಳಲಿಲ್ಲ. ಅಂದಹಾಗೆ ಕೈ ಮುಟ್ಟುವವರು, ಮೊಬೈಲ್ ಹಿಡಿದು ವಿಡಿಯೊ ಮಾಡುವವರು ಈ ಪುಸ್ತಕಕ್ಕೆ ಸೇರಿದವರಲ್ಲ. ಅವರನ್ನು ಸೆಕ್ಯುರಿಟಿಗೆ ಒಪ್ಪಿಸು, ಅಲ್ಲಿ ನಗಲೂ ಬೇಡ, ನೋಡಲೂ ಬೇಡ ಎಂದು ಖಡಾಖಂಡಿತ ಹೇಳಿದ್ದೆ.

ಜೂನ್ ಹೊತ್ತಿಗೆ ಪುಸ್ತಕ ತುಂಬತೊಡಗಿತು. ಜಾಗ ಬದಲಾದ ಮೇಲೆ ಮಧ್ಯಾಹ್ನ ಅವಳಿಗೆ ದೊಡ್ಡ ತೊಟ್ಟಿಲು, ಅಂದರೆ ಜೈಂಟ್ ವೀಲ್. ಅಫಜಲಪುರ ಕಡೆಯ ಒಬ್ಬ ಮುದುಕಿ ಲಗ್ನಕ್ಕೆ ಮೊದಲು ಶರಣಬಸಪ್ಪನ ಜಾತ್ರೆಯಲ್ಲಿ ತೊಟ್ಟಿಲು ಏರಿದವಳು, ಆಮೇಲೆ ಇವತ್ತೇ. "ಮ್ಯಾಲ ಹೋದ್ರ ನಮ್ಮ ತೊಗರಿ ಹೊಲ ಕಾಣಸ್ತದೇನ್ ಯವ್ವಾ?" ಎಂದು ಕೇಳಿದಳಂತೆ. ಇವಳು ಯಾವ ದಿಕ್ಕು ಎಂದು ತೋರಿಸಿ, ಆ ಕಡೆ ಮುಖ ಬರುವ ಪೆಟ್ಟಿಗೆಯಲ್ಲಿ ಕೂರಿಸಿದಳು. ಇಳಿದ ಮುದುಕಿ, "ಕಾಣ್ಲಿಲ್ಲ, ಖರೇ ದಿಕ್ಕ ಅದೇ ಅದ" ಅಂದಳು. ಇದನ್ನು ಹೇಳುವಾಗ ಹುಡುಗಿ ನಕ್ಕದ್ದನ್ನು ಯಾವ ಹಾಳೆಯೂ ಎಣಿಸಲಿಲ್ಲ.

ಮೂರನೆಯ ಸಲಹೆ ಇಬ್ಬರೂ ಕೂತು ಮಾಡಿದ್ದು. ಇಲ್ಲ ಎನ್ನುವುದನ್ನೇ ತುಸು ಬೇರೆ ಮಾಡಬಹುದೇ? ಐದರಿಂದ ಹತ್ತು ವರ್ಷದ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5ರಿಂದ 6 ಸೆಂಟಿಮೀಟರು ಬೆಳೆಯುತ್ತಾರೆ. ಹಾಗಾದರೆ ಗೆರೆಗೆ ಎಷ್ಟು ಬೆರಳು ಕಡಿಮೆ ಎಂದು ಮಗುವಿನ ಬೆರಳಿನಿಂದಲೇ ಅಳೆಸಿ, ಯಾವ ರಜೆಗೆ ಬಂದರೆ ಹತ್ತಬಹುದು ಎಂದು ಹೇಳಬಹುದು. ಅವಳು ಅಪ್ಪ ಅಮ್ಮನ ಜೊತೆ ವಾದ ಬಿಟ್ಟು, ಮೊಣಕಾಲೂರಿ ಮಕ್ಕಳೊಡನೆ ಲೆಕ್ಕ ಮಾಡತೊಡಗಿದಳು. ಅಳುವವರು ಈಗಲೂ ಅಳುತ್ತಾರೆ. ಆದರೆ ಬೆರಳು ಎಣಿಸುತ್ತ ಅಳುವುದು ಕಷ್ಟವಂತೆ.

ಕೊನೆಯ ಭೇಟಿ ದಸರಾ ರಜೆ ಮುಗಿದ ಮೇಲೆ. ದಣಿವು ಇನ್ನೂ ಇದೆ, ಶನಿವಾರ ಭಾನುವಾರ ಸಾಕುಸಾಕಾಗುತ್ತದೆ, ಬ್ಯಾಂಕ್ ಪರೀಕ್ಷೆಗೆ ಅರ್ಜಿಯನ್ನೂ ಹಾಕಿದ್ದಾಳೆ. ಹಾಕಲಿ. ತಮ್ಮನ ಜೊತೆ ಮಾತು ಶುರುವಾಗಿದೆ, ಮುಖ್ಯವಾಗಿ ಆ ಪುಸ್ತಕದ ಮಂದಿಯ ಬಗ್ಗೆ.

ಏಳುವಾಗ ಬಾಗಿಲ ಹತ್ತಿರ ನಿಂತಳು. ಬೇಸಿಗೆಯಲ್ಲಿ ಎರಡು ಬೆರಳು ಕಡಿಮೆ ಇದ್ದ ಒಬ್ಬ ಹುಡುಗನಿಗೆ ದಸರಾಕ್ಕೆ ಬಾ ಎಂದಿದ್ದಳಂತೆ. ಲೆಕ್ಕ ನನ್ನದೇ. ಅವನು ಜೇವರ್ಗಿಯಿಂದ ಅಪ್ಪನನ್ನು ಎಳೆದುಕೊಂಡು ಬಂದೇಬಿಟ್ಟ, ಚಪ್ಪಲಿ ತಾನೇ ಬಿಚ್ಚಿ ಕೋಲಿಗೆ ಬೆನ್ನು ಹಚ್ಚಿ ನಿಂತ.

"ಅರ್ಧ ಬೆರಳ ಕಮ್ಮಿ ಬಿತ್ತ್ರಿ ಮೇಡಂ," ಅಂದಳು. "ಅವ 'ಸಂಕ್ರಾಂತಿಗಿ ಬರ್ತೀನ್ರಿ ಅಕ್ಕಾ' ಅಂದು ಹೋದ. ನನಗೇ ಅವತ್ತ ಊಟ ಸೇರ್ಲಿಲ್ಲ."